ಆಟದ ಕೋಣೆಯ ಬಾಗಿಲು: ಮಕ್ಕಳ ಆಟ-ಚಿಕಿತ್ಸೆಯ ಚರಿತ್ರೆಯಲ್ಲಿ ಪಾಲಕರ ಸ್ಥಾನ

ಮಾತಿನಲ್ಲಿ ಹೇಳಲಾಗದ ಸಂಕಟವನ್ನು ಮಗು ಆಟದಲ್ಲಿ ತೋರುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತ ಚಿಕಿತ್ಸಾಪದ್ಧತಿಗೆ ಈಗ ಒಂದು ಶತಮಾನದ ಚರಿತ್ರೆಯಿದೆ. ಈ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಇಬ್ಬರು ವಿದುಷಿಯರ ವಾಗ್ವಾದವಾಗಿ ನಿರೂಪಿಸಿದ್ದಾರೆ. ಒಂದು ಕಡೆ ಮೆಲನಿ ಕ್ಲೈನ್, ಇನ್ನೊಂದು ಕಡೆ ಅನ್ನಾ ಫ್ರಾಯ್ಡ್, ನಡುವೆ ಆಟಿಕೆಗಳ ಮುಂದೆ ಕುಳಿತ ಮಗು. ಮಗುವಿನ ಆಟವನ್ನು ವಯಸ್ಕರ ಮಾತಿಗೆ ಸಮಾನವೆಂದು ಭಾವಿಸಿ ಅರ್ಥೈಸಬಹುದೆ ಎಂಬುದು ಆ ವಾದದ ತಿರುಳು. ಈ ನಿರೂಪಣೆ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಕಾಲದ ಬರಹಗಳನ್ನು ಓದುತ್ತ ಹೋದಂತೆ ನಮ್ಮ ಗಮನ ಕೋಣೆಯ ಒಳಗಿದ್ದವರಿಗಿಂತ ಹೊರಗಿದ್ದವರ ಕಡೆಗೆ ಹರಿಯಿತು. ಮಗುವನ್ನು ಕೈಹಿಡಿದು ಕರೆತಂದವರು ಯಾರು? ಬಾಗಿಲು ಮುಚ್ಚಿದ ಮೇಲೆ ಅವರು ಎಲ್ಲಿ ಕುಳಿತರು? ಅವರೊಡನೆ ಮಾತನಾಡುವುದೂ ಚಿಕಿತ್ಸೆಯ ಭಾಗವೆಂದು ಯಾವಾಗ, ಯಾವ ಒತ್ತಡದಿಂದ ಒಪ್ಪಲಾಯಿತು? ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಅನುಸರಿಸಿ ನಡೆಯುತ್ತದೆ.

ಮೊದಲು ಪದಗಳ ವಿಚಾರ. 'ಕ್ರೀಡಾಚಿಕಿತ್ಸೆ' ಎಂಬ ಶಬ್ದ ಸಂಸ್ಕೃತದ ದೃಷ್ಟಿಯಿಂದ ಸರಿಯಾದುದೇ. ಆದರೆ ಇಂದಿನ ಕನ್ನಡದಲ್ಲಿ ಕ್ರೀಡೆಯೆಂದರೆ ಮೈದಾನದ ಪಂದ್ಯ ನೆನಪಾಗುತ್ತದೆ. ಆದುದರಿಂದ ನಾವು 'ಆಟ-ಚಿಕಿತ್ಸೆ' ಎಂಬುದನ್ನೇ ಬಳಸಿದ್ದೇವೆ. ಇದಕ್ಕೆ ಇನ್ನೊಂದು ಅನುಕೂಲವೂ ಉಂಟು. ಕನ್ನಡದ 'ಆಡು' ಎಂಬ ಧಾತುವಿಗೆ ಆಟವಾಡು ಎಂಬ ಅರ್ಥವಿರುವಂತೆಯೇ ನುಡಿ ಎಂಬ ಅರ್ಥವೂ ಇದೆ. ಮಗು ಆಟವನ್ನೂ ಆಡುತ್ತದೆ, ಮಾತನ್ನೂ ಆಡುತ್ತದೆ. ಕ್ಲೈನ್ ಅವರು ಜರ್ಮನ್ ಭಾಷೆಯಲ್ಲಿ ಬಹಳ ಶ್ರಮಪಟ್ಟು ಸಾಧಿಸಬೇಕಾಗಿದ್ದ ಸಮೀಕರಣ ನಮ್ಮ ಧಾತುಪಾಠದಲ್ಲಿಯೇ ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಇನ್ನು 'ಪಾಲಕರು' ಎಂಬ ಮಾತು. ಹೆತ್ತವರು ಬೇರೆ, ಸಾಕಿದವರು ಬೇರೆ ಆಗಿರಬಹುದೆಂಬುದನ್ನು ಕನ್ನಡ ಹಿಂದಿನಿಂದಲೂ ಬಲ್ಲದು. ಅಜ್ಜಿ, ಸೋದರತ್ತೆ, ದೊಡ್ಡಕ್ಕ, ಸಾಕುತಾಯಿ ಇವರೆಲ್ಲರನ್ನೂ ಒಳಗೊಳ್ಳುವಂತೆ ನಾವು ಪಾಲಕರು ಎಂಬುದನ್ನು ಇಲ್ಲಿ ಪ್ರಯೋಗಿಸಿದ್ದೇವೆ.

ಆಟ-ಚಿಕಿತ್ಸೆಯ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಸಿಗ್ಮಂಡ್ ಫ್ರಾಯ್ಡ್ ೧೯೦೯ರಲ್ಲಿ ಪ್ರಕಟಿಸಿದ 'ಪುಟ್ಟ ಹ್ಯಾನ್ಸ್' ಎಂಬ ಬಾಲಕನ ವೃತ್ತಾಂತಕ್ಕೆ ಹೋಗುತ್ತಾರೆ. ವಿಯೆನ್ನಾದ ಈ ಐದು ವರ್ಷದ ಹುಡುಗ ಕುದುರೆಗಳಿಗೆ ಹೆದರಿ ಬೀದಿಗಿಳಿಯಲು ಒಪ್ಪುತ್ತಿರಲಿಲ್ಲ. ೧೯೦೮ರ ಆರಂಭದಲ್ಲಿ ತೊಡಗಿದ ಈ ಭಯಕ್ಕೆ ಚಿಕಿತ್ಸೆ ನಡೆಸಿದವನು ಫ್ರಾಯ್ಡ್ ಅಲ್ಲ, ಹುಡುಗನ ತಂದೆ. ಸಂಗೀತ ವಿಮರ್ಶಕನಾಗಿದ್ದ ಮಾಕ್ಸ್ ಗ್ರಾಫ್ ಮನೆಯಲ್ಲಿ ಮಗನೊಡನೆ ನಡೆದ ಸಂಭಾಷಣೆಯನ್ನೂ ಅವನು ಕುದುರೆಯಾಗಿ ಆಡಿದ ಆಟಗಳನ್ನೂ ಬರೆದುಕೊಂಡು ಫ್ರಾಯ್ಡ್‌ಗೆ ಒಪ್ಪಿಸುತ್ತಿದ್ದನು. ಚಿಕಿತ್ಸೆಯ ಅವಧಿಯಲ್ಲಿ ಫ್ರಾಯ್ಡ್ ಆ ಹುಡುಗನನ್ನು ಮುಖತಃ ಕಂಡದ್ದು ಒಂದೇ ಒಂದು ಸಲ, ಅದೂ ತಂದೆಯ ಜೊತೆಯಲ್ಲಿ. ತಂದೆಯ ಅಧಿಕಾರವೂ ವೈದ್ಯನ ಅಧಿಕಾರವೂ ಒಬ್ಬನಲ್ಲೇ ಕೂಡಿದ್ದರಿಂದ ಮಾತ್ರ ಈ ಚಿಕಿತ್ಸೆ ಸಾಧ್ಯವಾಯಿತು ಎಂದು ಫ್ರಾಯ್ಡ್ ವೃತ್ತಾಂತದ ಮೊದಲಲ್ಲಿಯೇ ಒಪ್ಪಿಕೊಂಡಿದ್ದಾರೆ. ಹತ್ತೊಂಬತ್ತರ ಯುವಕನಾಗಿ ೧೯೨೨ರಲ್ಲಿ ಮತ್ತೆ ಫ್ರಾಯ್ಡ್ ಅವರನ್ನು ಕಂಡಾಗ ಹ್ಯಾನ್ಸ್‌ಗೆ ಇದಾವುದೂ ನೆನಪಿರಲಿಲ್ಲ. ಮುಂದೆ ಆತ ಹೆರ್ಬರ್ಟ್ ಗ್ರಾಫ್ ಎಂಬ ಹೆಸರಿನಿಂದ ಸಂಗೀತನಾಟಕಗಳ ಪ್ರಸಿದ್ಧ ನಿರ್ದೇಶಕನಾದನು.

ಎರಡನೆಯ ಮೂಲವೂ ಮನೆಯೊಳಗಿನದೇ. ಹಾಂಬುರ್ಗ್‌ನಲ್ಲಿ ಮಗಳು ಸೋಫಿಯ ಮನೆಯಲ್ಲಿ ಕೆಲವು ವಾರ ತಂಗಿದ್ದ ಫ್ರಾಯ್ಡ್ ಒಂದೂವರೆ ವರ್ಷದ ಮೊಮ್ಮಗನ ಒಂದು ಆಟವನ್ನು ಗಮನಿಸಿದರು. ದಾರ ಸುತ್ತಿದ ಮರದ ಉರುಳೆಯನ್ನು ಮಂಚದ ಅಂಚಿನಾಚೆಗೆ ಎಸೆಯುವುದು, ಮತ್ತೆ ದಾರ ಹಿಡಿದೆಳೆದು ಅದು ಬಂದಾಗ ಹಿಗ್ಗುವುದು. ತಾಯಿ ಹೊರಗೆ ಹೋಗುವ ಸಂಕಟವನ್ನು ಮಗು ತನ್ನ ಕೈವಶದಲ್ಲಿರುವ ಆಟವಾಗಿ ಮಾರ್ಪಡಿಸಿಕೊಂಡಿದೆ ಎಂಬ ೧೯೨೦ರ ಗ್ರಂಥದಲ್ಲಿನ ವಿವರಣೆ ಆಟ-ಚಿಕಿತ್ಸೆಯ ಬೀಜವಾಕ್ಯವೆನ್ನಬಹುದು. ಅದನ್ನು ಕಂಡದ್ದು ಚಿಕಿತ್ಸಾಲಯದಲ್ಲಿ ಕುಳಿತ ವೈದ್ಯನಲ್ಲ, ಮಗಳ ಮನೆಗೆ ಬಂದ ಅಜ್ಜ. ಮೊದಲ ಪಾಠ ತಂದೆಯದು, ಎರಡನೆಯದು ಅಜ್ಜನದು. ಪಾಲಕರು ಕಂಡುದನ್ನೇ ಆಧಾರವಾಗಿಟ್ಟುಕೊಂಡು ಹುಟ್ಟಿದ ವಿದ್ಯೆಯೊಂದು ಹದಿನೈದು ವರ್ಷಗಳೊಳಗೆ ಪಾಲಕರನ್ನೇ ಹೊರಗೆ ಕೂರಿಸಿತು. ಇದು ಹೇಗಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮಕ್ಕಳ ವಿಶ್ಲೇಷಣೆಯನ್ನು ವೃತ್ತಿಯಾಗಿ ಕೈಗೊಂಡ ಮೊದಲಿಗರಲ್ಲಿ ವಿಯೆನ್ನಾದ ಹೆರ್ಮೀನೆ ಹುಗ್-ಹೆಲ್ಮುಟ್ ಪ್ರಮುಖರು. ಶಾಲಾ ಶಿಕ್ಷಕಿಯಾಗಿದ್ದ ಇವರು ೧೯೨೦ರಲ್ಲಿ ಹೇಗ್ ನಗರದ ಸಮ್ಮೇಳನದಲ್ಲಿ ಓದಿದ ಪ್ರಬಂಧದಲ್ಲಿ, ಎಳೆಯ ಮಕ್ಕಳೊಡನೆ ಆಟದ ಮೂಲಕವೇ ಆರಂಭಿಸಬೇಕು ಎಂದೂ, ಹೆತ್ತವರು ತಮ್ಮ ಮಕ್ಕಳನ್ನು ತಾವೇ ವಿಶ್ಲೇಷಿಸಲಾರರು ಎಂದೂ ಪ್ರತಿಪಾದಿಸಿದರು. ಪುಟ್ಟ ಹ್ಯಾನ್ಸ್‌ನ ತಂದೆ ಮಾಡಿದುದನ್ನು ಇನ್ನು ಯಾವ ತಂದೆಯೂ ಮಾಡಬಾರದು ಎಂಬುದು ಇದರ ಫಲಿತಾರ್ಥ. ವಿಪರ್ಯಾಸವೆಂದರೆ ಸ್ವತಃ ಹುಗ್-ಹೆಲ್ಮುಟ್ ಪಾಲಕಿಯಾಗಿದ್ದರು. ೧೯೧೫ರಲ್ಲಿ ತೀರಿಕೊಂಡ ಸೋದರಿಯ ಮಗನ ಹೊಣೆ ಅವರ ಮೇಲಿತ್ತು. ಅವನ ಬಾಲ್ಯದ ವರ್ತನೆಯನ್ನು ಅವರು ತಮ್ಮ ಬರಹಗಳಲ್ಲಿ ಸಾಮಗ್ರಿಯಾಗಿ ಬಳಸಿಕೊಂಡಿದ್ದರು. ೧೯೨೪ರ ಸೆಪ್ಟೆಂಬರಿನಲ್ಲಿ, ಹದಿನೆಂಟು ವರ್ಷದ ಆ ಹುಡುಗನ ಕೈಯಿಂದಲೇ ಅವರ ಕೊಲೆಯಾಯಿತು. ವಿರೋಧಿಗಳು ಈ ದುರಂತವನ್ನು ಮಕ್ಕಳ ವಿಶ್ಲೇಷಣೆಯ ವಿರುದ್ಧ ಅಸ್ತ್ರವಾಗಿ ಬಳಸಿದರೆ, ಅನುಯಾಯಿಗಳು ಮೌನದ ಮೊರೆಹೊಕ್ಕರು. ಅವರ ಹೆಸರು ಬಹುಕಾಲ ಅಡಿಟಿಪ್ಪಣಿಗಳಲ್ಲಷ್ಟೇ ಉಳಿಯಿತು. ಆ ಕೊಲೆಯಿಂದ ಯಾವ ಸಿದ್ಧಾಂತವನ್ನೂ ಹಿಂಡಿ ತೆಗೆಯುವುದು ನಮಗೆ ಉಚಿತವೆನಿಸುವುದಿಲ್ಲ. ಆದರೆ ಸಾಕುವವರೂ ಗಮನಿಸಿ ಬರೆಯುವವರೂ ಒಬ್ಬರೇ ಆಗುವುದರಲ್ಲಿ ಅಪಾಯವುಂಟೆಂಬ ಅಳುಕು ಆ ತಲೆಮಾರಿನಲ್ಲಿ ಇದರಿಂದ ಬೇರೂರಿತು ಎಂದು ಊಹಿಸಲು ಅವಕಾಶವಿದೆ.

ಮೆಲನಿ ಕ್ಲೈನ್ ಕೂಡ ತಮ್ಮ ಮಗನಿಂದಲೇ ಆರಂಭಿಸಿದರು. ಬುಡಾಪೆಸ್ಟಿನಲ್ಲಿದ್ದಾಗ ಅವರು ಬೇರೆ ಹೆಸರಿನಲ್ಲಿ ವರ್ಣಿಸಿದ ಬಾಲಕ ಅವರ ಕಿರಿಯ ಮಗನೇ. ಬಾಗಿಲು ಮುಚ್ಚಿದ್ದು ಬರ್ಲಿನ್ನಿನಲ್ಲಿ, ೧೯೨೩ರಲ್ಲಿ. ಎರಡು ವರ್ಷ ಒಂಬತ್ತು ತಿಂಗಳ 'ರೀಟಾ' ಎಂಬ ಹುಡುಗಿಯನ್ನು ಅವರು ಅವಳ ಮನೆಯಲ್ಲಿ, ಅವಳದೇ ಆಟಿಕೆಗಳೊಡನೆ ಕಾಣುತ್ತಿದ್ದರು. ತಾಯಿಗೂ ಚಿಕ್ಕಮ್ಮನಿಗೂ ಮಗು ಗುಣವಾಗಬೇಕೆಂಬ ಆಸೆಯಿತ್ತು, ಜೊತೆಗೆ ಹೊರಗಿನವಳೊಬ್ಬಳು ಮಗುವಿನ ಮನಸ್ಸಿಗೆ ಕೈಹಾಕುತ್ತಿದ್ದಾಳೆಂಬ ಅಸಮಾಧಾನವೂ ಇತ್ತು. ಗೋಡೆಯಾಚೆ ಅವರಿದ್ದಾರೆಂಬುದು ಮಗುವಿಗೂ ಗೊತ್ತು. ಚಿಕಿತ್ಸೆ ಮನೆಯಲ್ಲಿ ನಡೆಯಕೂಡದು, ಮಗುವಿನ ದೈನಂದಿನ ಬದುಕಿನಿಂದ ಪ್ರತ್ಯೇಕವಾದ ಸ್ಥಳವೊಂದು ಬೇಕು ಎಂಬ ನಿರ್ಣಯಕ್ಕೆ ಕ್ಲೈನ್ ಬಂದದ್ದು ಈ ಅನುಭವದಿಂದ. ಅದೇ ವರ್ಷ ಮಾತೇ ಆಡದ ಏಳು ವರ್ಷದ ಇನ್ನೊಬ್ಬ ಹುಡುಗಿಯ ಮುಂದೆ ದಾರಿ ಕಾಣದೆ, ತಮ್ಮ ಮಕ್ಕಳ ಕೋಣೆಗೆ ಹೋಗಿ ಕೆಲವು ಪುಟ್ಟ ಗಾಡಿ, ಗೊಂಬೆ, ಇಟ್ಟಿಗೆ, ಒಂದು ರೈಲು ಇವನ್ನು ತಂದಿಟ್ಟರು. ಪ್ರಸಿದ್ಧವಾದ ಅವರ ಆಟಿಕೆಗಳ ಪೆಟ್ಟಿಗೆಯ ಆರಂಭ ಇಷ್ಟೇ. ಮುಂದೆ ಲಂಡನ್ನಿನಲ್ಲಿ, ಪ್ರತಿ ಮಗುವಿಗೂ ಬೀಗವಿರುವ ಒಂದು ಖಾನೆ. ಅದರೊಳಗಿನ ವಸ್ತುಗಳು ಆ ಮಗುವಿನವು, ಅವನ್ನು ಇನ್ನಾವ ಮಗುವೂ ಮುಟ್ಟುವಂತಿಲ್ಲ.

ಬಾಗಿಲು ಮುಚ್ಚಿದ್ದಕ್ಕೆ ಕಾರಣವಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ತಾಯಿಯ ಮೇಲಿನ ಸಿಟ್ಟನ್ನು ತಾಯಿಗೆ ಕೇಳಿಸುವಂತೆ ಗೊಂಬೆಯ ಮೇಲೆ ತೀರಿಸಿಕೊಳ್ಳಲು ಯಾವ ಮಗುವಿಗೆ ಧೈರ್ಯ ಬಂದೀತು? ಆ ಕೋಣೆಯ ಗುಟ್ಟು ಕೋಣೆಯಲ್ಲಿಯೇ ಉಳಿಯುತ್ತದೆ ಎಂಬ ಭರವಸೆಯನ್ನು ಮಗುವಿಗೆ ಕೊಟ್ಟ ಶ್ರೇಯಸ್ಸು ಕ್ಲೈನ್ ಅವರದು. ಆದರೆ ಭರವಸೆ ನಿಯಮವಾಗಿ ಗಟ್ಟಿಯಾದಾಗ ಏನಾಗುತ್ತದೆ ಎಂಬುದಕ್ಕೆ ಜಾನ್ ಬೌಲ್ಬಿ ಅವರು ಮುಂದೆ ಹೇಳಿಕೊಂಡ ಒಂದು ಪ್ರಸಂಗ ಸಾಕ್ಷಿ. ೧೯೩೮ರ ಸುಮಾರಿಗೆ ಅವರು ಕ್ಲೈನ್ ಅವರ ಮೇಲ್ವಿಚಾರಣೆಯಲ್ಲಿ ಮೂರು ವರ್ಷದ ಚಡಪಡಿಕೆಯ ಬಾಲಕನೊಬ್ಬನಿಗೆ ಚಿಕಿತ್ಸೆ ನಡೆಸುತ್ತಿದ್ದರು. ಅವನನ್ನು ಕರೆತರುತ್ತಿದ್ದ ತಾಯಿ ತೀವ್ರ ಉದ್ವೇಗದಲ್ಲಿದ್ದಳು. ಆಕೆಯೊಡನೆ ಮಾತನಾಡಲು ಬೌಲ್ಬಿಗೆ ಅನುಮತಿಯಿರಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಆಕೆ ಮಾನಸಿಕ ಆಸ್ಪತ್ರೆಗೆ ಸೇರಿದಳು, ಬಾಲಕನನ್ನು ಕರೆತರುವವರು ಯಾರೂ ಇಲ್ಲದಂತಾಗಿ ಚಿಕಿತ್ಸೆಯೂ ನಿಂತಿತು. ಇದು ಭಿನ್ನಮತೀಯನಾದ ಶಿಷ್ಯನು ದಶಕಗಳ ಬಳಿಕ ಹೇಳಿದ ಮಾತು, ಗುರುವಿನ ಕಡೆಯ ವೃತ್ತಾಂತ ಇದರಲ್ಲಿಲ್ಲ. ಹಾಗಿದ್ದರೂ, ತಾಯಿಯಿಲ್ಲದೆ ಮಗು ಚಿಕಿತ್ಸಾಲಯದ ಮೆಟ್ಟಿಲನ್ನೇ ಹತ್ತಲಾರದು ಎಂಬ ಸರಳ ಸಂಗತಿ ಆಗ ಸಿದ್ಧಾಂತದ ಕಣ್ಣಿಗೆ ಬಿದ್ದಿರಲಿಲ್ಲವೆಂಬುದು ಸ್ಪಷ್ಟ.

ಅನ್ನಾ ಫ್ರಾಯ್ಡ್ ಅವರ ನಿಲುವು ಇದಕ್ಕಿಂತ ಭಿನ್ನ. ಅವರೂ ಮೊದಲು ಶಾಲಾ ಶಿಕ್ಷಕಿಯೇ. ೧೯೨೭ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ ಅವರು ತೋರಿಸಿದ್ದು ಇದು: ವಯಸ್ಕನು ತಾನಾಗಿ ಚಿಕಿತ್ಸೆಗೆ ಬರುತ್ತಾನೆ, ಮಗುವನ್ನು ಇತರರು ಕರೆತರುತ್ತಾರೆ. ವಯಸ್ಕನ ತಂದೆತಾಯಿ ನೆನಪಿನಲ್ಲಿದ್ದರೆ, ಮಗುವಿನ ತಂದೆತಾಯಿ ಮನೆಯಲ್ಲಿಯೇ ಇದ್ದಾರೆ. ಸಂಜೆ ಮಗು ಅವರ ಬಳಿಗೇ ಮರಳಬೇಕು. ಆದುದರಿಂದ ಮನೆಯವರ ಸಹಕಾರವಿಲ್ಲದೆ ಮಕ್ಕಳ ವಿಶ್ಲೇಷಣೆ ನಿಲ್ಲಲಾರದು. ಇದು ಉದಾರವಾದ ಮಾತಾಗಿ ಕಾಣುತ್ತದೆ. ಆದರೆ ಅದರ ಮುಂದಿನ ಹೆಜ್ಜೆಯಾಗಿ ಅವರು, ಸ್ವತಃ ವಿಶ್ಲೇಷಣೆಗೆ ಒಳಗಾದ ಅಥವಾ ಅದನ್ನು ಬಲ್ಲ ಹೆತ್ತವರ ಮಕ್ಕಳಿಗೇ ಈ ಚಿಕಿತ್ಸೆ ಹೆಚ್ಚು ಸೂಕ್ತವೆಂದರು. ಬಾಗಿಲು ತೆರೆದಿತ್ತು ನಿಜ, ಆದರೆ ವಿಯೆನ್ನಾದ ಒಂದು ಸಣ್ಣ ವಲಯಕ್ಕೆ ಮಾತ್ರ.

ಆ ವಲಯವನ್ನು ಒಡೆದದ್ದು ಯುದ್ಧ. ೧೯೩೭ರಲ್ಲಿ ವಿಯೆನ್ನಾದ ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಅನ್ನಾ ಫ್ರಾಯ್ಡ್ ಮತ್ತು ಅಮೆರಿಕೆಯ ಡೊರೊಥಿ ಬರ್ಲಿಂಗ್‌ಹ್ಯಾಮ್ ನಡೆಸುತ್ತಿದ್ದ ಶಿಶುವಿಹಾರ ಮರುವರ್ಷ ನಾಜಿಗಳ ಪ್ರವೇಶದೊಡನೆ ಮುಚ್ಚಿತು. ೧೯೩೮ರ ಜೂನ್‌ನಲ್ಲಿ ಫ್ರಾಯ್ಡ್ ಕುಟುಂಬ ಲಂಡನ್ ಸೇರಿತು. ೧೯೪೧ರ ಜನವರಿಯಲ್ಲಿ, ಬಾಂಬುಗಳು ಬೀಳುತ್ತಿದ್ದ ಆ ನಗರದ ಹ್ಯಾಂಪ್‌ಸ್ಟೆಡ್ ಭಾಗದಲ್ಲಿ ಈ ಇಬ್ಬರು ಮಕ್ಕಳ ವಿಶ್ರಾಂತಿಗೃಹವೊಂದನ್ನು ತೆರೆದರು. ಅದರ ಹಿಂದೆಯೇ ಕೂಸುಗಳಿಗೆ ಒಂದು, ಎಸೆಕ್ಸ್‌ನ ಹಳ್ಳಿಯಲ್ಲಿ ದೊಡ್ಡ ಮಕ್ಕಳಿಗೆ ಒಂದು, ಹೀಗೆ ಮೂರು ಮನೆಗಳಾದವು. ಹಣ ಬಂದದ್ದು ಅಮೆರಿಕೆಯ ಒಂದು ಸಹಾಯ ಸಂಸ್ಥೆಯಿಂದ, ಪ್ರತಿಯಾಗಿ ಪ್ರತಿ ತಿಂಗಳೂ ಅವರು ವರದಿ ಕಳುಹಿಸಬೇಕಿತ್ತು. ಕೆಲಸಗಾರರಲ್ಲಿ ಹಲವರು ಜರ್ಮನ್ ಮಾತನಾಡುವ ನಿರಾಶ್ರಿತೆಯರು. ಶತ್ರುದೇಶದ ಭಾಷೆಯನ್ನು ಮಾತೃಭಾಷೆಯಾಗಿ ಉಳ್ಳವರು ಲಂಡನ್ನಿನ ಕಾರ್ಮಿಕರ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಸಾಕಿದ ಈ ಸನ್ನಿವೇಶ, ಹೊರನಾಡಿನಲ್ಲಿ ಬಾಳುವ ನಮ್ಮಂಥವರಿಗೆ ವಿಶೇಷವಾಗಿ ಗಮನಾರ್ಹವೆನಿಸುತ್ತದೆ.

ಪ್ರತಿಯೊಬ್ಬ ಕೆಲಸಗಾರನೂ ತಾನು ಕಂಡುದನ್ನು ಚೀಟಿಗಳಲ್ಲಿ ಬರೆದಿಡಬೇಕೆಂಬುದು ಅಲ್ಲಿಯ ಕಟ್ಟಳೆ. ಬಾಯ್ಲರ್‌ಗೆ ಬೆಂಕಿ ಹಾಕುವ, ಮುರಿದುದನ್ನು ಸರಿಪಡಿಸುವ ಕೆಲಸಕ್ಕೆ ಬಂದಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬ ಯುವಕನಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಈ ಚೀಟಿಗಳಿಂದ ಬೆಳೆದ ಎರಡು ಪುಸ್ತಕಗಳು ೧೯೪೩ ಮತ್ತು ೧೯೪೪ರಲ್ಲಿ ಹೊರಬಂದವು. ಅವುಗಳಲ್ಲಿನ ಒಂದು ಪ್ರಸಂಗವನ್ನು ಇಲ್ಲಿ ಸಂಗ್ರಹಿಸುತ್ತೇವೆ. ವಾಯುದಾಳಿಯಲ್ಲಿ ತಂದೆಯನ್ನು ಕಳೆದುಕೊಂಡ ನಾಲ್ಕು ವರ್ಷದ ಹುಡುಗನೊಬ್ಬ ಕಾಗದದ ಮನೆಗಳನ್ನು ಕಟ್ಟಿ, ಗೋಲಿಗಳನ್ನು ಬಾಂಬುಗಳಂತೆ ಬೀಳಿಸಿ ಕೆಡವುತ್ತಿದ್ದ. ಇತರ ಮಕ್ಕಳೂ ಇಂಥ ಆಟ ಆಡುತ್ತಿದ್ದರು, ಅವರ ಆಟದಲ್ಲಿ ಜನ ಸಾಯುತ್ತಿದ್ದರು. ಇವನ ಆಟದಲ್ಲಿ ಮಾತ್ರ ಕೊನೆಗೆ ಪ್ರತಿಯೊಬ್ಬನೂ ಬದುಕಿ ಉಳಿಯಬೇಕು. ತಂದೆ ಸತ್ತಿಲ್ಲವೆಂದು ಆಟ ಸಾಧಿಸಬೇಕಿತ್ತು, ಅದು ಸಾಧ್ಯವಾಗದ್ದರಿಂದಲೇ ಆಟ ಮುಗಿಯುತ್ತಲೂ ಇರಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಅವನು ತಂದೆ ಇನ್ನು ಬರುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿದ. ಆ ಬಳಿಕ ಆ ಆಟದ ಅಗತ್ಯ ಉಳಿಯಲಿಲ್ಲ. ಬೀಗದ ಖಾನೆಯಾಗಲಿ ನಿಗದಿಯಾದ ಐವತ್ತು ನಿಮಿಷಗಳಾಗಲಿ ಇಲ್ಲಿರಲಿಲ್ಲ. ಊಟ ಬಡಿಸುವ, ಸ್ನಾನ ಮಾಡಿಸುವ ದಾದಿಯರ ನಡುವೆ ಈ ಆಟ ನಡೆಯಿತು, ಅವರೇ ಅದನ್ನು ಕಂಡು ಬರೆದರು.

ಪಾಲಕರ ವಿಷಯದಲ್ಲಿ ಹ್ಯಾಂಪ್‌ಸ್ಟೆಡ್‌ನ ಅನುಭವ ಎರಡು ಮುಖವಾಗಿ ಹರಿಯಿತು. ಬಾಂಬಿಗಿಂತ ತಾಯಿಯ ಅಗಲಿಕೆ ಎಳೆಯ ಮಕ್ಕಳನ್ನು ಹೆಚ್ಚು ಕಂಗೆಡಿಸುತ್ತದೆ, ತಾಯಿ ಧೈರ್ಯವಾಗಿದ್ದರೆ ಮಗು ನೆಲಮಾಳಿಗೆಯಲ್ಲೂ ನಿದ್ರಿಸುತ್ತದೆ ಎಂಬುದನ್ನು ಅವರು ಕಂಡರು. ಆದ್ದರಿಂದ ತಾಯಂದಿರು ಯಾವ ಹೊತ್ತಿನಲ್ಲಾದರೂ ಬರಬಹುದೆಂದರು, ಕೆಲವರನ್ನು ಅಡುಗೆ ಮತ್ತು ಮನೆಗೆಲಸಕ್ಕೆ ನೇಮಿಸಿಕೊಂಡು ಮಗುವಿನ ಬಳಿಯಲ್ಲೇ ಉಳಿಸಿದರು. ಮತ್ತೊಂದು ಮುಖ ಇನ್ನೂ ಕುತೂಹಲಕರ. ಮೊದಲಲ್ಲಿ ಎಲ್ಲ ದಾದಿಯರೂ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದರು. ಮಕ್ಕಳು ಶುಚಿಯಾಗಿ, ಪುಷ್ಟಿಯಾಗಿ ಇದ್ದರೂ ಮಾತಿನಲ್ಲಿಯೂ ಶೌಚದ ಅಭ್ಯಾಸದಲ್ಲಿಯೂ ಹಿಂದುಳಿದರು. ಆಗ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ದಾದಿಯನ್ನು ತಾಯಿಯಂತೆ ನಿಯಮಿಸಿದರು. ಫಲ ಕೂಡಲೇ ಕಂಡಿತು, ಆದರೆ ನಿರೀಕ್ಷಿಸಿದ ರೀತಿಯಲ್ಲಲ್ಲ. ಅಲ್ಲಿಯತನಕ ಶಾಂತವಾಗಿದ್ದ ಮನೆಯಲ್ಲಿ ಅಳು, ಹೊಟ್ಟೆಕಿಚ್ಚು, ಸೆರಗು ಬಿಡದ ಹಟ. ನನ್ನವಳು ಎಂಬುವವಳೊಬ್ಬಳು ಸಿಕ್ಕಿದ ಮೇಲಲ್ಲವೆ ಅವಳನ್ನು ಕಳೆದುಕೊಳ್ಳುವ ಭಯ ಹುಟ್ಟುವುದು? ಕೆಲವು ವಾರಗಳ ಈ ಗದ್ದಲ ಇಳಿದ ಮೇಲೆ ಮಾತೂ ಅಭ್ಯಾಸಗಳೂ ಚುರುಕಾಗಿ ಬೆಳೆದವು. ಪಾಲಕರಲ್ಲದವರನ್ನು ಪಾಲಕರನ್ನಾಗಿ ಮಾಡುವುದು ಚಿಕಿತ್ಸೆಯ ಕೆಲಸವಾದುದು ಬಹುಶಃ ಇಲ್ಲಿಯೇ. ನಮ್ಮ ಅಭಿಪ್ರಾಯದಲ್ಲಿ ಈ ಚರಿತ್ರೆಯ ತಿರುವು ೧೯೨೭ರ ವಾಗ್ವಾದವಲ್ಲ, ಹ್ಯಾಂಪ್‌ಸ್ಟೆಡ್‌ನ ಈ ಗದ್ದಲದ ವಾರಗಳು.

ಬಾಯ್ಲರ್‌ನ ರಾಬರ್ಟ್‌ಸನ್ ಮುಂದೆ ಬೌಲ್ಬಿ ಅವರ ಸಹೋದ್ಯೋಗಿಯಾಗಿ, ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ಎಂಟು ದಿನಗಳನ್ನು ಚಿತ್ರೀಕರಿಸಿದನು. ೧೯೫೨ರಲ್ಲಿ ವೈದ್ಯರ ಸಭೆಯಲ್ಲಿ ಚಿತ್ರ ತೋರಿಸಿದಾಗ ಪ್ರತಿಭಟನೆಯೇ ಹೆಚ್ಚಾಗಿ ಕೇಳಿಬಂತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ಹೆತ್ತವರಿಗೆ ಆಗ ವಾರದಲ್ಲಿ ಕೆಲವೇ ಗಂಟೆಗಳು, ಕೆಲವೆಡೆ ಅದೂ ಇರಲಿಲ್ಲ. ನಿರ್ಬಂಧವಿಲ್ಲದ ಭೇಟಿಯನ್ನು ಸರಕಾರದ ಸಮಿತಿ ಶಿಫಾರಸು ಮಾಡಿದ್ದು ೧೯೫೯ರಲ್ಲಿ.

ಇದರ ಪಕ್ಕದಲ್ಲಿ ಭಾರತದ ಒಂದು ಸಂಗತಿಯನ್ನು ಇಟ್ಟು ನೋಡಬೇಕು. ಅದೇ ೧೯೫೦ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗಾಗಿ ಆವರಣದಲ್ಲಿ ಡೇರೆಗಳನ್ನು ಹಾಕಿಸಿದರು. ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ಮನೆಯವರೊಬ್ಬರು ರೋಗಿಯೊಡನೆ ತಂಗುವ ಪದ್ಧತಿ ಬೆಳೆಯಿತು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ರೂಪ ತಳೆದ ಸಂಸ್ಥೆಯಲ್ಲಿಯೂ ಕುಟುಂಬವನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ಸಂಪ್ರದಾಯ ನೆಲೆಗೊಂಡಿತು. ಸಿಬ್ಬಂದಿಯ ಕೊರತೆ ಇದಕ್ಕೆ ಒಂದು ಕಾರಣವೆಂಬುದನ್ನು ಮರೆಮಾಡಬೇಕಾಗಿಲ್ಲ. ಕೊರತೆಯಿಂದ ಹುಟ್ಟಿದುದು ಪದ್ಧತಿಯಾಗಿ ಉಳಿದದ್ದು ಮಾತ್ರ ಅದು ಫಲ ಕೊಟ್ಟಿದ್ದರಿಂದ. ಇಂಗ್ಲೆಂಡಿನಲ್ಲಿ ತಾಯಿಯನ್ನು ವಾರ್ಡಿನೊಳಗೆ ಬಿಡಬೇಕೆ ಎಂದು ಚರ್ಚೆ ನಡೆದ ವರ್ಷಗಳಲ್ಲಿ ಇಲ್ಲಿ ಮನೆಯವರು ವಾರ್ಡಿನಲ್ಲಿಯೇ ಗಂಜಿ ಕಾಯಿಸುತ್ತಿದ್ದರು.

ಆದರೆ ಮಕ್ಕಳ ಚಿಕಿತ್ಸಾಲಯಗಳು ನಮ್ಮಲ್ಲಿ ಬಂದ ದಾರಿ ಬೇರೆ. ೧೯೩೬ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ನೇತೃತ್ವದಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ೧೯೩೭ರಲ್ಲಿ ದೇಶದ ಮೊದಲ ಬಾಲ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆಯಿತು. ಈ ಶಾಲೆಯೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಅದರ ಮಾದರಿ ಅಮೆರಿಕೆಯದು. ೧೯೦೯ರಲ್ಲಿ ಶಿಕಾಗೋದಲ್ಲಿ ವಿಲಿಯಂ ಹೀಲಿ ಆರಂಭಿಸಿದ, ೧೯೨೨ರಿಂದ ಕಾಮನ್‌ವೆಲ್ತ್ ನಿಧಿಯ ನೆರವಿನಿಂದ ಹಬ್ಬಿದ ಆ ಮಾದರಿಯಲ್ಲಿ ಮನೋವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜಕಾರ್ಯಕರ್ತೆ ಎಂಬ ಮೂವರ ತಂಡ ಇರುತ್ತದೆ. ಮಗು ವೈದ್ಯನ ಕೋಣೆಗೆ, ತಾಯಿ ಸಮಾಜಕಾರ್ಯಕರ್ತೆಯ ಕೋಣೆಗೆ. ಇಲ್ಲಿ ಪಾಲಕರನ್ನು ಹೊರಗಿಟ್ಟಿಲ್ಲವೆಂಬುದು ನಿಜ. ಆದರೆ ಆಕೆಯಿಂದ ಮಾಹಿತಿ ಪಡೆಯುತ್ತಾರೆ, ಆಕೆಗೆ ತಿಳಿವಳಿಕೆ ನೀಡುತ್ತಾರೆ. ಮಗುವಿನ ಆಟವನ್ನು ಆಕೆ ನೋಡುವುದಿಲ್ಲ. ಎರಡು ಕೋಣೆಗಳ ನಡುವೆ ಕಡತವೊಂದೇ ಸಂಚರಿಸುತ್ತದೆ.

ಮಕ್ಕಳ ಆಟವನ್ನೂ ಮನೆಯವರನ್ನೂ ಒಟ್ಟಿಗೆ ಹಿಡಿದ ಪ್ರಯತ್ನಗಳು ನಮ್ಮಲ್ಲಿ ಶಿಕ್ಷಣದ ಕಡೆಯಿಂದ ಬಂದವು. ೧೯೨೦ರಲ್ಲಿ ಭಾವನಗರದ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಮಕ್ಕಳಿಗಾಗಿ ಬರೆದಂತೆಯೇ ಹೆತ್ತವರಿಗಾಗಿಯೂ ವಿಪುಲವಾಗಿ ಬರೆದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ ೧೯೪೫ರಲ್ಲಿ ಮುಂಬಯಿಗೆ ಉತ್ತರದ ಬೋರ್ಡಿಯಲ್ಲಿ ಕೆಲಸ ಆರಂಭಿಸಿದಾಗ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದರು. ಮುಂದೆ ಅನುತಾಯಿ ವಾಘ್ ಅವರೊಡನೆ ಕೋಸಬಾಡದ ವಾರ್ಲಿ ಮಕ್ಕಳ ನಡುವೆ, ತಮ್ಮಂದಿರನ್ನು ಎತ್ತಿಕೊಂಡೇ ಇರಬೇಕಾದ ಹುಡುಗಿಯರಿಗಾಗಿ ಶಾಲೆಗೆ ಕೂಸುಗಳ ಕೋಣೆಯನ್ನೂ ಜೋಡಿಸಿದರು. ಎಂಟು ವರ್ಷದ ಅಕ್ಕನೂ ಪಾಲಕಿಯೇ ಎಂಬುದನ್ನು ಲಂಡನ್ನಿನ ಗ್ರಂಥಗಳು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಪಶ್ಚಿಮದಲ್ಲಿ ಪಾಲಕರ ಕೈಗೇ ಆಟಿಕೆಗಳನ್ನು ಒಪ್ಪಿಸಿದ್ದು ೧೯೬೪ರಲ್ಲಿ. ಅದಕ್ಕೆ ಮುನ್ನ ವರ್ಜೀನಿಯಾ ಆಕ್ಸ್‌ಲೈನ್ ೧೯೪೭ರ ತಮ್ಮ ಗ್ರಂಥದಲ್ಲಿ, ವ್ಯಾಖ್ಯಾನಕ್ಕೆ ಆತುರಪಡದೆ ಮಗುವಿನ ದಾರಿಯನ್ನೇ ಅನುಸರಿಸುವ ಎಂಟು ಸೂತ್ರಗಳನ್ನು ಕೊಟ್ಟಿದ್ದರು. ಪಾಲಕರು ಜೊತೆಗೂಡಿದರೆ ಒಳ್ಳೆಯದೇ, ಆದರೆ ಅವರಿಲ್ಲದೆಯೂ ಮಗು ಚೇತರಿಸಿಕೊಳ್ಳಬಲ್ಲದು ಎಂಬುದು ಅವರ ನಿಲುವಾಗಿತ್ತು. ಕಾರ್ಲ್ ರಾಜರ್ಸ್ ಅವರ ಮಗಳು ನಟಾಲಿ, ತಂದೆಯ ಪ್ರೋತ್ಸಾಹದಿಂದ ತನ್ನ ಪುಟ್ಟ ಮಗಳೊಡನೆ ಮನೆಯಲ್ಲಿಯೇ ನಡೆಸಿದ ಆಟದ ಅನುಭವವನ್ನು ೧೯೫೭ರಲ್ಲಿ ಪ್ರಕಟಿಸಿದಳು. ಇದನ್ನು ಪದ್ಧತಿಯಾಗಿ ಬೆಳೆಸಿದವರು ನ್ಯೂಜೆರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯದ ಬರ್ನಾರ್ಡ್ ಗರ್ನಿ ಮತ್ತು ಲೂಯಿಸ್ ಗರ್ನಿ ದಂಪತಿಗಳು. ಆರೆಂಟು ತಾಯಂದಿರ ಗುಂಪಿಗೆ ಅವರು ಆಟದ ವಿಧಾನವನ್ನು ಕಲಿಸಿದರು. ತಾಯಂದಿರು ಮೊದಲು ನೋಡಬೇಕು, ಬಳಿಕ ಚಿಕಿತ್ಸಕರ ಕಣ್ಣೆದುರಿಗೆ ಆಡಬೇಕು, ಆಮೇಲೆ ಮನೆಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ. ಆ ಅರ್ಧ ಗಂಟೆ ಬುದ್ಧಿ ಹೇಳಬಾರದು, ಪ್ರಶ್ನೆ ಕೇಳಬಾರದು, ಹೊಗಳಲೂಬಾರದು. ಮಗು ಮಾಡುವುದನ್ನು, ಅದರ ಭಾವವನ್ನು ಮಾತಿನಲ್ಲಿ ಹಿಡಿದುಕೊಡಬೇಕು. ತಾಯಂದಿರಿಗೆ ಇದು ಸಾಧ್ಯವೆ ಎಂದು ವೃತ್ತಿಯವರು ಸಂದೇಹಪಟ್ಟರು. ಸಾಧ್ಯವೆಂಬುದನ್ನು ೧೯೬೭ರಲ್ಲಿ ಪ್ರಕಟವಾದ ಪರಿಶೀಲನೆ ತೋರಿಸಿತು. ಅದೇ ೧೯೬೪ರಲ್ಲಿ ಲಂಡನ್ನಿನಲ್ಲಿ ವಿನಿಕಾಟ್ ಎರಡು ವರ್ಷದ ಹುಡುಗಿಯೊಬ್ಬಳನ್ನು, ಅವಳು ಬೇಕೆಂದಾಗ ಮಾತ್ರ ಕಾಣುವ ಪ್ರಯೋಗಕ್ಕೆ ತೊಡಗಿದರು. ಅವರ ಮರಣಾನಂತರ ೧೯೭೭ರಲ್ಲಿ ಬಂದ ಆ ವೃತ್ತಾಂತದಲ್ಲಿ ಹೆತ್ತವರ ಪತ್ರಗಳು ಚಿಕಿತ್ಸೆಯ ಟಿಪ್ಪಣಿಗಳೊಡನೆ ಸಮಸಮವಾಗಿ ಅಚ್ಚಾಗಿವೆ. ಮಾಕ್ಸ್ ಗ್ರಾಫ್‌ನ ಟಿಪ್ಪಣಿಗಳು ಬೇರೊಂದು ರೂಪದಲ್ಲಿ ಮರಳಿದಂತಾಯಿತು.

೨೦೦೫ರಲ್ಲಿ ಅಮೆರಿಕೆಯ ಸ್ಯೂ ಬ್ರಾಟನ್ ಮತ್ತು ಸಂಗಡಿಗರು ಅರ್ಧ ಶತಮಾನದ ೯೩ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವರ ಮಾಪನದಲ್ಲಿ ಆಟ-ಚಿಕಿತ್ಸೆಯ ಒಟ್ಟು ಪರಿಣಾಮ ೦.೮೦, ವೃತ್ತಿಯವರು ನಡೆಸಿದುದಕ್ಕೆ ೦.೭೨, ತರಬೇತಿ ಪಡೆದ ಪಾಲಕರು ನಡೆಸಿದುದಕ್ಕೆ ೧.೧೫. ಇದನ್ನು ಎಚ್ಚರಿಕೆಯಿಂದ ಓದಬೇಕು. ಮಗು ಸುಧಾರಿಸಿತೆ ಎಂದು ಹೇಳಿದವರಲ್ಲಿ ಪಾಲಕರೂ ಇದ್ದಾರೆ, ತಾವು ದುಡಿದುದರ ಫಲವನ್ನು ಕಾಣುವ ಆಸೆ ಅವರಿಗೆ ಸಹಜ.

ಇನ್ನು ನಮ್ಮ ಕಡೆಗೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ತಂದೆತಾಯಿ ಇಬ್ಬರೂ ದುಡಿಯುವಾಗ ಮಗುವನ್ನು ಹಗಲೆಲ್ಲ ನೋಡಿಕೊಳ್ಳುವವರು ಊರಿನಿಂದ ಬಂದ ಅಜ್ಜಿಯೋ ಅತ್ತೆಯೋ ಆಗಿರುವುದು ಸಾಮಾನ್ಯ. ಚಿಕಿತ್ಸಾಲಯದ ಭಾಷೆ ಹಿಂದಿ, ಮರಾಠಿ, ತೆಲುಗು ಅಥವಾ ಇಂಗ್ಲಿಷ್. ಮಗು ಆ ಭಾಷೆಯಲ್ಲಿ ಚಿಕಿತ್ಸಕರೊಡನೆ ಸಲೀಸಾಗಿ ಆಡುತ್ತದೆ. ಗೊಂಬೆಯನ್ನು ಗದರುವಾಗ ಮಾತ್ರ ಕನ್ನಡ ಹೊರಡುತ್ತದೆ, ಏಕೆಂದರೆ ಮನೆಯಲ್ಲಿ ಗದರುವವರ ಭಾಷೆ ಅದು. ವಾರಕ್ಕೊಮ್ಮೆ ಅರ್ಧ ಗಂಟೆ ಆಡಲು ಚಿಕಿತ್ಸಕರು ತರಬೇತಿ ಕೊಡುವುದು ರಜೆ ಹಾಕಿ ಬಂದ ತಾಯಿಗೆ. ಅಜ್ಜಿ ಬೆಂಚಿನ ಮೇಲೆಯೇ ಉಳಿಯುತ್ತಾಳೆ, ಆಕೆಯೊಡನೆ ಮಾತನಾಡಲು ಅಲ್ಲಿ ಭಾಷೆ ಬಲ್ಲವರಿರುವುದಿಲ್ಲ. ಗರ್ನಿಯವರ ಪದ್ಧತಿಗೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ಮಗ ಅಥವಾ ಮಗಳು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಅದನ್ನು ಅಕ್ಷರಶಃ ತಂದರೆ ಕನ್ನಡದಲ್ಲಿ ಏನೂ ಹೊಳೆಯುವುದಿಲ್ಲ. 'ಪಾಲಕರ ಆಟ-ಚಿಕಿತ್ಸೆ' ಎಂದರೆ ಅಜ್ಜಿಗೂ ಅರ್ಥವಾಗುತ್ತದೆ, ಅವಳಿಗೂ ಅದರಲ್ಲಿ ಜಾಗ ಸಿಗುತ್ತದೆ.

ಹೊರನಾಡಿನ ನಗರಗಳಲ್ಲಿನ ಹಳೆಯ ಬಾಲ ಮಾರ್ಗದರ್ಶನ ಚಿಕಿತ್ಸಾಲಯಗಳ ವಾರ್ಷಿಕ ವರದಿಗಳನ್ನು ನೋಡುವ ಅವಕಾಶವಿರುವ ಅಭ್ಯಾಸಿಗಳಲ್ಲಿ ನಮ್ಮದೊಂದು ವಿನಂತಿ. ಮಕ್ಕಳ ಹೆಸರು, ಗುರುತುಗಳನ್ನು ಬಿಟ್ಟು, ಎರಡೇ ಅಂಶಗಳನ್ನು ಗುರುತು ಹಾಕಿಕೊಳ್ಳಬೇಕು: ಮಗುವನ್ನು ಕರೆತಂದವರು ಮಗುವಿಗೆ ಏನಾಗಬೇಕು, ಅವರೊಡನೆ ಮಾತು ನಡೆದದ್ದು ಯಾವ ಭಾಷೆಯಲ್ಲಿ.